ದೊರೆಗೆ ಹಸಿರು ಬಂದ ದಿನ

ಎದೆಯ ಕಾಯಿಲೆಯನ್ನು ಮೊದಲೇ ಪತ್ತೆ ಹಚ್ಚುವ ಯಂತ್ರ ಕೆಟಾ ಹಿನ್ನೀರಿನ ಆ ಉಪ್ಪಿನೂರಿಗೆ ಬಂದಾಗ, ಅದರೊಳಗೆ ಕೃತಕ ಬುದ್ಧಿ ಇದೆ ಎಂದು ಪಟ್ಟಣದವರು ಹೇಳಿಹೋದರು. ಊರ ಹಿರಿಯರ ಸಭೆಯನ್ನು ನೋಡಿ ಬಲ್ಲವರಿಗೆ ಅದೇನೂ ಹೊಸದೆನಿಸಲಿಲ್ಲ. ಅದರ ತಗಡಿನ ಮೇಲೆ ಎರಡು ಹೆಬ್ಬೆರಳು ಒತ್ತಿ ಕೂತರೆ ಸಾಕು, ಅರ್ಧ ನಿಮಿಷದಲ್ಲಿ ಅದಕ್ಕೆ ಜೋಡಿಸಿದ ಫೋನು ಊರಿನ ಎವೆ ಭಾಷೆಯಲ್ಲೇ ಕೂಗಿ ಹೇಳುತ್ತಿತ್ತು. ಹಸಿರು ಅಂದರೆ ಕ್ಷೇಮ, ಕೆಂಪು ಅಂದರೆ ಆಸ್ಪತ್ರೆ. ಪ್ರತಿ ಗುರುವಾರ ದೊಡ್ಡಾಸ್ಪತ್ರೆಯ ಕಾರು ಬಂದು ಕೆಂಪಿನವರಲ್ಲಿ ಒಬ್ಬರನ್ನು ಕರೆದೊಯ್ಯುತ್ತದೆ ಎಂದೂ ಹೇಳಿದ್ದರು.

ಯಂತ್ರ ಹಿಡಿಯುವ ಕೆಲಸ ಆರೋಗ್ಯ ಕಾರ್ಯಕರ್ತೆ ಕಾಫುಯಿಯದು. ದೊರೆಯ ಅಂಗಳದಲ್ಲಿ ಮೊದಲು ಕೂತವಳು ಅವಳ ಸ್ವಂತ ಅಕ್ಕ ಎನ್ಯೊನಾಮ್, ಉಪ್ಪು ಬಾಚಿ ಬಾಚಿ ಅಂಗೈ ಬಿರಿದ ಹೆಂಗಸು. ಯಂತ್ರ ಕೂಗಿತು: "ಕೆಂಪು. ಈ ವಾರವೇ ವೈದ್ಯರನ್ನು ಕಾಣಿ. ತಡಮಾಡಬೇಡಿ."

ಜನ ಗೊಳ್ಳೆಂದು ನಕ್ಕರು. ಎದೆನೋವು, ಬಿ.ಪಿ. ಎಲ್ಲ ಕುರಿಮಾಂಸ ತಿಂದು ಕಾರಿನಲ್ಲಿ ಓಡಾಡುವವರ ಕಾಯಿಲೆ ಎಂಬುದು ಅಲ್ಲಿಯ ನಂಬಿಕೆ.

"ಬರೀ ಅಕ್ಪ್ಲೆ ಮುದ್ದೆ ನುಂಗೋಳಿಗೆ ದೊಡ್ಡೋರ ಕಾಯ್ಲೆ ಎಲ್ಲಿಂದ ಬಂತೇ?" ಎಂದಳು ಮೀನು ಮಾರುವವಳು.

"ತಂಗಿ ಕೈಲಿ ಯಂತ್ರ ಇದೆಯಲ್ಲಮ್ಮ, ಅಕ್ಕಂಗೆ ಕೆಂಪು ಬರದೆ ಇರುತ್ತಾ!" ಎಂದ ಒಬ್ಬ ಹಿರಿಯ.

ಎನ್ಯೊನಾಮಳೂ ನಕ್ಕಳು. ಆದರೆ ಒಂದು ತಿಂಗಳಿಂದ ಅವಳು ಉಪ್ಪಿನ ಬುಟ್ಟಿ ಎತ್ತುವಾಗ ನಿಂತು, ಸೆರಗು ಸರಿಮಾಡುವವಳಂತೆ ಎದೆ ಹಿಡಿದುಕೊಳ್ಳುವುದನ್ನು ಕಾಫುಯಿ ಕಂಡಿದ್ದಳು.

ಆಮೇಲೆ ಊರೆಲ್ಲ 'ತೋಗ್ಬಿ' ಎಂದು ಗೌರವದಿಂದ ಕರೆಯುವ ದೊರೆ ಜೊಕೊಟೊ ಬಂದು ಕೂತರು. ಪಕ್ಕದಲ್ಲಿ ಬೆಳ್ಳಿಕಟ್ಟಿನ ಕೋಲು ಹಿಡಿದು ಮಾತುಗಾರ ಅಗ್ಬೆನು ನಿಂತ. ದೊರೆಯ ಕಿವಿಗೆ ಯಾರ ಮಾತೂ ನೇರವಾಗಿ ಬೀಳಕೂಡದು. ಅಗ್ಬೆನು ಅದನ್ನು ತೊಳೆದು, ತಲೆ ಬಾಚಿ, ಒಳ್ಳೆಯ ಬಟ್ಟೆ ತೊಡಿಸಿ ಮುಂದೆ ಕಳಿಸಬೇಕು.

"ಹಸಿರು. ಎದೆ ಗಟ್ಟಿಯಾಗಿದೆ," ಎಂದಿತು ಯಂತ್ರ.

ಅಂಗಳದಲ್ಲಿ ಸೂತಕದ ಕಳೆ. ದೊರೆಯ ಮುಖ ಹುಳ್ಳಗಾಯಿತು. "ಅಗ್ಬೆನು, ಮೂವತ್ತು ವರ್ಷ ಈ ಊರಿನ ಚಿಂತೆ ಹೊತ್ತಿದೀನಿ. ಉಪ್ಪು ಬಾಚೋಳಿಗೆ ಕೆಂಪು, ನಂಗೆ ಹಸಿರಾ?"

ಅಗ್ಬೆನು ಕೋಲು ಕುಟ್ಟಿದ. "ತೋಗ್ಬಿ, ಯಂತ್ರ ಊರಿಗೆ ಹೊಸದು, ಸಂಕೋಚ ಜಾಸ್ತಿ. ನಿಮ್ಮೆದುರು ಕಾಯ್ಲೆ ಹೆಸರೆತ್ತೋಕೆ ಹೆದರಿ ಹಸಿರು ಅಂದುಬಿಡ್ತು. ಅದರ ಮನಸಲ್ಲಿರೋದು ಕಡುಗೆಂಪು."

ಚಪ್ಪಾಳೆಯೋ ಚಪ್ಪಾಳೆ. ಗುರುವಾರದ ಕಾರು ದೊರೆಗೆ ಎಂದಾಯಿತು. ಎನ್ಯೊನಾಮಳಿಗೆ ಮುಂದಿನ ವಾರ ನೋಡೋಣ ಎಂದರು. ಕಾಫುಯಿ ಹಲ್ಲು ಕಚ್ಚಿಕೊಂಡು ಯಂತ್ರವನ್ನು ಚೀಲಕ್ಕೆ ತುರುಕಿದಳು.

ಗುರುವಾರ ಬೆಳಿಗ್ಗೆ ದೊರೆ ಜರಿಬಟ್ಟೆ ಹೊದ್ದು ಕಾರಿನಲ್ಲಿ ಕೂತಿದ್ದರು. ಖಾಲಿ ಬುಟ್ಟಿ ಹೊತ್ತು ಹಿನ್ನೀರಿಗೆ ಹೊರಟಿದ್ದ ಎನ್ಯೊನಾಮ್ ತೆಂಗಿನ ಮರದ ಬುಡದಲ್ಲಿ ಕುಸಿದು ಕೂತಳು. ಮುಖವೆಲ್ಲ ತಣ್ಣನೆಯ ಬೆವರು. ಅದನ್ನು ಕಂಡದ್ದೇ ಕಾಫುಯಿ ಕಾರಿನ ಬಾಗಿಲಿಗೆ ನುಗ್ಗಿದಳು.

"ತೋಗ್ಬಿ, ನಿಮಗೆ ಏನೂ ಆಗಿಲ್ಲ! ಗೂಳಿ ಥರ ಇದೀರಿ! ಅಲ್ಲಿ ನನ್ನಕ್ಕ ಸಾಯ್ತಿದಾಳೆ. ಇಳೀರಿ ಕೆಳಗೆ!"

ಊರು ಬಾಯಿಯ ಮೇಲೆ ಕೈಯಿಟ್ಟುಕೊಂಡಿತು. ದೊರೆ ಮಾತ್ರ ನೊಣ ಹಾರಿಹೋದಂತೆ ಕೂತಿದ್ದರು. ಅಗ್ಬೆನುವಿನ ಬಾಯಿಂದ ಬರದ ಮಾತು ಅವರ ಪಾಲಿಗೆ ಆಡಿದ ಮಾತೇ ಅಲ್ಲ. ಕೊನೆಗೆ ನಿಧಾನವಾಗಿ ತಿರುಗಿದರು. "ಅಗ್ಬೆನು, ಏನಂತಾಳೆ ಈ ಹುಡುಗಿ?"

ಅಗ್ಬೆನು ಮರದ ಬುಡವನ್ನು ನೋಡಿದ. ಆಮೇಲೆ ಕೋಲು ಕುಟ್ಟಿದ.

"ತೋಗ್ಬಿ, ದೊರೆ ಎಲ್ಲಿಗೇ ಹೋಗಲಿ, ಡೋಲಿನೋರು ಮುಂದೆ ಹೋಗ್ತಾರೆ. ಹಾಗೇ ನಿಮ್ಮಂಥ ದೊಡ್ಡೆದೆ ವೈದ್ಯರ ಮನೆ ಮೆಟ್ಟಿಲು ಹತ್ತೋ ಮುಂಚೆ ಒಂದು ಸಣ್ಣೆದೆ ಮುಂದೆ ಹೋಗಿ ದಾರಿ ಮಾಡಲಿ, ಅಪ್ಪಣೆ ಆಗಬೇಕು, ಅಂತ ಕಾಲಿಗೆ ಬಿದ್ದು ಕೇಳ್ತಿದಾಳೆ."

ದೊರೆ ಗತ್ತಿನಿಂದ ತಲೆಯಾಡಿಸಿದರು. ಆಮೇಲೆ ಜರಿಬಟ್ಟೆ ಒಟ್ಟುಮಾಡಿಕೊಂಡು ಕೆಳಗಿಳಿದರು. ಕಾಫುಯಿ ಅಕ್ಕನನ್ನು ತಬ್ಬಿ ತಂದು ಅದೇ ಜಾಗದಲ್ಲಿ ಕೂರಿಸಿದಳು. ಕಾರು ಹೊರಟಾಗ, ಕೆಳಗೇ ನಿಂತಿದ್ದ ಕಾಫುಯಿಗೆ ಅಳು ತಡೆಯಲಾಗಲಿಲ್ಲ.

"ಅಗ್ಬೆನು," ಎಂದರು ದೊರೆ, "ನನ್ನ ಹತ್ರ ನೇರ ಮಾತಾಡಿದ್ದಕ್ಕೆ ಅವಳಿಗೆ ಒಂದು ಟಗರು ದಂಡ ಅಂತ ಹೇಳು."

ನಾಲ್ಕು ಹೆಜ್ಜೆ ಹೋದವರು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತರು.

"ಅಡುಗೆಗೆ ಉಪ್ಪು ಕಡಿಮೆ ಹಾಕೋಕೆ ಹೇಳು. ನಂದು ಕಡುಗೆಂಪು ಎದೆ."