ಹೊತ್ತಲ್ಲದ ಹೊತ್ತಿನ ಗಿಣ್ಣು

ಟುಲೇರಿ ಕಣಿವೆಯಲ್ಲಿ ಹಾಲು ಕರೆಯುವವರು ಸಾವಿರಗಟ್ಟಲೆ ಇದ್ದಾರೆ. ಅವರೆಲ್ಲರನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದರಲ್ಲಿ ಎಪಿಗ್ಮೇನಿಯೊನ ಹೆಬ್ಬೆರಳನ್ನು ಇಟ್ಟರೆ ಹೆಬ್ಬೆರಳೇ ಕೆಳಗಿಳಿಯುತ್ತದೆ. ಎಪಿಗ್ಮೇನಿಯೊ ಎಂದರೆ ನಾನೇ. ಇದು ನನ್ನ ಮಾತಲ್ಲ, ಹಸುಗಳ ಮಾತು. ನಾನು ಶೆಡ್ಡಿಗೆ ಕಾಲಿಟ್ಟರೆ ಸಾಕು, ಯಂತ್ರ ಹಚ್ಚುವ ಮೊದಲೇ ಮೂರು ಸಾವಿರ ಹಸುಗಳು ಸೊರ ಬಿಡುತ್ತವೆ.

ಅಂಥ ನನ್ನ ಹಸುಗಳು ಆ ಡಿಸೆಂಬರಿನ ಒಂದು ವಾರ ಮೇವು ಮುಟ್ಟಲಿಲ್ಲ. ಹಾಲು ಅರ್ಧಕ್ಕೆ ಇಳಿಯಿತು. ಬಂದ ಅರ್ಧವೂ ಸರಿಯಿರಲಿಲ್ಲ. ಹಳದಿ ಬಣ್ಣ, ಗಟ್ಟಿ, ಥೇಟ್ ಗಿಣ್ಣು. ಕರು ಹಾಕಿ ಐದು ತಿಂಗಳಾದ ಹಸು ಗಿಣ್ಣು ಕೊಡುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನೂ ಕಂಡಿರಲಿಲ್ಲ. ಆದರೂ ಎಲ್ಲ ತಿಳಿದವನ ಹಾಗೆ ತಲೆಯಾಡಿಸಿ ಕೆಲಸ ಮುಂದುವರಿಸಿದೆ. ಬುಧವಾರ ಒಂದು ಹಸು ಕಾಲು ಝಾಡಿಸಿ ಯಂತ್ರದ ಬಟ್ಟಲನ್ನು ಒದ್ದಿತು. ಹಾಲು ನೇರವಾಗಿ ನನ್ನ ಎಡಗಣ್ಣಿಗೆ ಸಿಡಿಯಿತು. ಡೇರಿಯ ಮಾಲೀಕ ಕೊಟ್ಟಿದ್ದ ಗಾಗಲ್ಸು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ಹಾಕಿಕೊಂಡರೆ ಆವಿ ಕಟ್ಟಿ ಹಸು ಯಾವುದು, ಗೋಡೆ ಯಾವುದು ತಿಳಿಯುವುದಿಲ್ಲ. ತೋಳಿನಿಂದ ಕಣ್ಣು ಒರೆಸಿಕೊಂಡೆ.

ಶುಕ್ರವಾರದ ಹೊತ್ತಿಗೆ ಕಣ್ಣು ಟೊಮ್ಯಾಟೊ ಹಣ್ಣಾಗಿತ್ತು. ಉರಿಯೋ ಉರಿ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಯಾರಿಗೂ ಕಾಣದಿರಲಿ ಎಂದು ಮನೆಯೊಳಗೂ ಕೂಲಿಂಗ್ ಗ್ಲಾಸು ಹಾಕಿಕೊಂಡು ಓಡಾಡಿದೆ.

"ಏನಪ್ಪಾ ಮುದುಕ, ಹೊರಗೆ ಮಂಜು ಸುರೀತಿದೆ, ನಿನಗೆ ಒಳಗೆ ಬಿಸಿಲಾ?" ಎಂದಳು ನನ್ನ ಹೆಂಡತಿ ಒಬ್ದೂಲಿಯ. "ಸಿನಿಮಾಗೇನಾದ್ರೂ ಕರೆದಿದ್ದಾರಾ?"

"ಹೂಂ, ಹೀರೋ ಪಾರ್ಟು. ನೀನು ಅತ್ತೆ ಪಾರ್ಟು ಮಾಡ್ತೀಯಾ?"

ಶನಿವಾರ ಬೆಳಗ್ಗೆ ನಗು ನಿಂತಿತು. ನಮ್ಮ ಮಗಳು ಯೆಸೇನಿಯ ಕೆಮ್ಮುತ್ತಾ ಎದ್ದಳು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಅವಳು ಏಳು ತಿಂಗಳ ಬಸುರಿ. ಗಂಡ ಲೆಟಿಸ್ ಸೊಪ್ಪಿನ ಕೊಯ್ಲಿಗೆಂದು ದೂರದ ಯೂಮಾಗೆ ಹೋಗಿದ್ದ. ಹಿಂದಿನ ದಿನ ತಾನೇ ನಾನೂ ಅವಳೂ ಒಂದೇ ಪಾತ್ರೆಯ ಬೀನ್ಸನ್ನು ಒಂದೇ ಚಮಚದಲ್ಲಿ ಕಿತ್ತಾಡಿಕೊಂಡು ತಿಂದಿದ್ದೆವು.

ಒಬ್ದೂಲಿಯ ಎರ್ಲಿಂದಳಿಗೆ ಫೋನು ಮಾಡಿದಳು. ಎರ್ಲಿಂದ ನಮ್ಮ ಕೊಮಾದ್ರೆ, ಅಂದರೆ ಯೆಸೇನಿಯಳ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡ ಜ್ಞಾನತಾಯಿ. ಅಂದಿನಿಂದ ನಾನು ಅವಳಿಗೆ ಕೊಂಪಾದ್ರೆ. ಆರೋಗ್ಯ ಕಾರ್ಯಕರ್ತೆಯಾಗಿ ಡೇರಿಯಿಂದ ಡೇರಿಗೆ ತಿರುಗುವುದು ಅವಳ ಕೆಲಸ. ಬಂದವಳೇ ಮಗಳನ್ನು ನೋಡಿದಳು, ಆಮೇಲೆ ನನ್ನನ್ನು.

"ಕೊಂಪಾದ್ರೆ, ಆ ಕನ್ನಡಕ ತೆಗೀರಿ."

"ತೆಗೆದರೆ ನನ್ನ ಕಣ್ಣಿನ ಕಾಂತಿಗೆ ನೀವು ಕುರುಡಾಗ್ತೀರಿ, ಕೊಮಾದ್ರೆ."

"ತೆಗೀರಿ ಅಂದೆ."

ತೆಗೆದೆ. ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಚೀಲದಿಂದ ಮಾಸ್ಕು ತೆಗೆದು ಹಾಕಿಕೊಂಡಳು. ನನಗೂ ಒಂದು ಎಸೆದಳು.

"ಇದು ಹಕ್ಕಿಜ್ವರ ಇರಬಹುದು."

"ಹಕ್ಕಿಜ್ವರ! ನಮ್ಮ ಡೇರೀಲಿ ಕೋಳಿ ಪುಕ್ಕಾನೂ ಇಲ್ಲ. ನಾನೇನು ಮೊಟ್ಟೆ ಇಡ್ತೀನಾ?"

"ಇದು ಮೂಲದಲ್ಲಿ ಕಾಡುಹಕ್ಕಿಗಳದು, ಬಾತು ಗೀತು ಅಂತಾರಲ್ಲ, ಅವುಗಳದು. ಅಲ್ಲಿಂದ ಹಸುಗಳಿಗೆ ಬಂತು. ಈಗ ಹಸುವಿಂದ ಹಸುವಿಗೆ ಹೋಗ್ತಿದೆ. ಕೆಚ್ಚಲಲ್ಲೇ ಮನೆ ಮಾಡಿದೆ. ಹಸೀ ಹಾಲಲ್ಲಿ ಲೆಕ್ಕಕ್ಕೆ ಸಿಗದಷ್ಟು ಇರುತ್ತೆ. ಕಣ್ಣಿಗೆ ಹಾಲು ಸಿಡೀತು, ಅಲ್ವಾ?"

"ನಿಮಗ್ಯಾರು ಹೇಳಿದ್ದು?"

"ನಿಮ್ಮ ಕಣ್ಣೇ ಕೂಗಿ ಹೇಳ್ತಿದೆ."

ನಾನು ಸೋಲುವವನೇ? "ನೋಡಿ ಕೊಮಾದ್ರೆ, ನನಗೆ ಯಾವ ರೋಗಾನೂ ಬರಲ್ಲ. ನಾನು ಪಹರೆತೆ ಕುಡಿಯೋವನು!"

ಗಡಿಯಾಚೆ ನಾವು ಬಿಟ್ಟುಬಂದ ಹಲಿಸ್ಕೊ ಸೀಮೆಯ ಗಂಡಸರಿಗೆ ಪಹರೆತೆ ಇಲ್ಲದ ಭಾನುವಾರ ಭಾನುವಾರವಲ್ಲ. ಲೋಟದ ತಳಕ್ಕೆ ಕಬ್ಬಿನ ಸಾರಾಯಿ, ಸಕ್ಕರೆ, ಚಾಕೊಲೇಟು ಪುಡಿ. ಅದರ ಮೇಲೆ ಕೆಚ್ಚಲಿನಿಂದ ನೇರವಾಗಿ ಬಿಸಿ ಹಾಲು, ನೊರೆ ಉಕ್ಕುವ ಹಾಗೆ. ಡೇರಿಯ ಬೇಲಿಯ ಹತ್ತಿರ ಬೆಳಗಿನ ಜಾವ ಅದನ್ನು ಕರೆದು ಕೊಡುವ ಚಕ್ರವರ್ತಿ ನಾನು. ಮೇಸ್ತ್ರಿ ನೋಡಿಯೂ ನೋಡದಂತೆ ಇರುತ್ತಾನೆ, ಏಕೆಂದರೆ ಮೊದಲ ಲೋಟ ಅವನದು.

"ಡೇರೀಲಿ ಬೆಕ್ಕುಗಳು ಸತ್ತವಂತೆ?" ಎಂದಳು ಎರ್ಲಿಂದ.

"ಐದು. ಕಣ್ಣು ಹೋಗಿ ಗೋಡೆಗೆ ಡಿಕ್ಕಿ ಹೊಡೀತಿದ್ವು, ಪಾಪ."

"ಏನು ಕುಡಿದಿದ್ವು?"

"ಹಾಲು."

"ನೀವು ಕುಡಿದದ್ದು?"

"ಹಾಲೇ. ಆದರೆ ನಾನು ಸಾರಾಯಿ ಬೆರೆಸಿದ್ದೆ. ಬೆಕ್ಕುಗಳು ಬೆರೆಸಲಿಲ್ಲ. ಅದಕ್ಕೇ ಸತ್ತವು."

ಒಬ್ದೂಲಿಯ ಕಿಸಕ್ಕೆಂದು ನಕ್ಕಳು. ಎರ್ಲಿಂದ ನಗಲಿಲ್ಲ.

"ಲೋಟದಲ್ಲಿ ಎರಡು ಗುಟುಕು ಸಾರಾಯಿ, ಮಿಕ್ಕಿದ್ದೆಲ್ಲ ಹಾಲು. ಅಷ್ಟಕ್ಕೆ ಈ ವೈರಸ್ ಸಾಯುತ್ತೆ ಅಂತ ನಂಬಿ ಕೂರಬೇಡಿ. ಹಾಲು ಕಾಯಿಸಿದರೆ ಸಾಯುತ್ತೆ. ಪಾಶ್ಚರೀಕರಿಸಿದ ಹಾಲಲ್ಲಿ ಸತ್ತಿರುತ್ತೆ. ಎರಡು ಗುಟುಕಿಗೆ ಸಾಯೋದು ನಿಮ್ಮ ಬುದ್ಧಿ ಮಾತ್ರ. ನಡೀರಿ ಕ್ಲಿನಿಕ್ಕಿಗೆ."

"ಪರೀಕ್ಷೆ ಅಂದರೆ ಕೆಲಸ ಹೋಯ್ತು ಅಂತ್ಲೇ."

"ನಿಮ್ಮ ರೋಗದ ವಿಷಯ ಕ್ಲಿನಿಕ್ಕಿನವರು ಮಾಲೀಕನಿಗೆ ಹೇಳಲ್ಲ. ರಜೆ ಚೀಟಿ ನಾನು ಕೊಡಿಸ್ತೀನಿ."

ಇನ್ನೂ ಹತ್ತು ನೆಪ ನಾಲಿಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ಯೆಸೇನಿಯ ಬಾಗಿಲಿಗೆ ಒರಗಿ ನಿಂತಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಅಪ್ಪಾ, ನಿನ್ನದೇ ನನಗೆ ಬಂದಿದ್ರೆ? ಒಳಗಿರೋ ಇದಕ್ಕೇನು ಗತಿ?"

ಹತ್ತೂ ನೆಪ ಅಲ್ಲೇ ಬಿಟ್ಟು ಜಾಕೆಟು ತೆಗೆದುಕೊಂಡೆ.

ಕ್ಲಿನಿಕ್ಕಿನಲ್ಲಿ ನನ್ನ ಕಣ್ಣಿಗೊಂದು ಕಡ್ಡಿ, ಮೂಗಿಗೊಂದು ಕಡ್ಡಿ. ಮೂಗಿನ ಕಡ್ಡಿ ಮಿದುಳಿನವರೆಗೂ ಹೋಗಿ, ಅಲ್ಲಿ ಏನೂ ಸಿಗದೆ ಬರಿಗೈಯಲ್ಲಿ ವಾಪಸು ಬಂತೆಂದು ಒಬ್ದೂಲಿಯ ಇಂದಿಗೂ ಹೇಳಿಕೊಂಡು ತಿರುಗುತ್ತಾಳೆ. ಮಗಳ ಮೂಗಿಗೂ ಕಡ್ಡಿ ಹಾಕಿದರು. ಅಪ್ಪ ಮಗಳು ಇಬ್ಬರಿಗೂ ಫ್ಲೂ ಎಂಬುದು ಅಲ್ಲೇ ಗೊತ್ತಾಯಿತು. ಯಾವ ಫ್ಲೂ ಎಂದು ಹೇಳಲು ದೊಡ್ಡ ಪ್ರಯೋಗಾಲಯಕ್ಕೆ ಎರಡು ದಿನ ಬೇಕು. ಫಲಿತಾಂಶಕ್ಕೆ ಕಾಯದೆ ಇಬ್ಬರಿಗೂ ಮಾತ್ರೆ ಕೊಟ್ಟರು. "ಬೇಗ ಶುರು ಮಾಡಿದಷ್ಟೂ ಒಳ್ಳೇದು," ಎಂದರು ಡಾಕ್ಟರು. "ಬಸುರಿಗೆ ಯಾವ ಫ್ಲೂ ಆದರೂ ಹಗುರ ಅಲ್ಲ."

ಮಗಳು ಅವಳ ಕೋಣೆಯಲ್ಲಿ, ನಾನು ಅಂಗಳದ ಹಳೇ ಟ್ರೈಲರಿನಲ್ಲಿ, ಅಂದರೆ ಚಕ್ರದ ಮೇಲಿನ ಡಬ್ಬಿಮನೆಯಲ್ಲಿ. ಊಟದ ತಟ್ಟೆ ಮೆಟ್ಟಿಲ ಮೇಲೆ. ಹನ್ನೆರಡು ಅಡಿ ಉದ್ದದ ಆ ಡಬ್ಬಿಯೊಳಗೆ ನಡೆದೂ ನಡೆದೂ ನಾನು ಗಡಿಯಾಚೆಯ ಗ್ವಾದಲಹಾರಾ ನಗರಕ್ಕೆ ಹೋಗಿ ಬಂದೆ, ಎರಡು ಸಲ. ಕೂತೆ, ಎದ್ದೆ. ಫೋನು ನೋಡಿದೆ, ಮಡಗಿದೆ, ಮತ್ತೆ ನೋಡಿದೆ. ಎದುರಿನ ಕಿಟಕಿಯಿಂದ ಕೆಮ್ಮು ಕೇಳಿದರೆ ಎದೆ ಹಾರುತ್ತಿತ್ತು. ಕೇಳದಿದ್ದರೆ ಇನ್ನೂ ಜೋರಾಗಿ ಹಾರುತ್ತಿತ್ತು. ಆ ಜ್ವರ ನನ್ನದೇ ಆಗಿದ್ದರೆ?

ಭಾನುವಾರ ಬೆಳಗ್ಗೆ ಡೇರಿಯ ಗೆಳೆಯ ಮೌರೊ ಫೋನು ಮಾಡಿದ.

"ಎಲ್ಲಿದ್ದೀಯೋ? ಎಲ್ಲಾರೂ ಲೋಟ ಹಿಡ್ಕೊಂಡು ನಿಂತಿದ್ದೀವಿ. ನೀನು ಬರದಿದ್ರೆ ನಾವೇ ಕರ್ಕೋತೀವಿ."

"ಬೇಡ ಕಣೋ. ಆ ಹಾಲು ಮುಟ್ಟಬೇಡಿ. ಸಾರಾಯಿ ರೋಗಾನ ಕೊಲ್ಲುತ್ತೆ ಅಂತ ನಾನು ಹೇಳಿದ್ದು ಸುಳ್ಳು. ನನಗೆ ಬಂದಿದೆ. ಮಗಳಿಗೂ ಬಂದಿದೆಯೋ ಏನೋ."

ನನ್ನ ಬಾಯಿಂದ "ನಾನು ಹೇಳಿದ್ದು ಸುಳ್ಳು" ಎಂಬ ಮಾತು ಹೊರಬಿದ್ದಾಗ ಸಿಯೆರ್ರಾ ಬೆಟ್ಟಗಳು ಒಂದಿಷ್ಟು ಅಲುಗಾಡಿದವು.

"ನನ್ನ ಕಣ್ಣೂ ನಿನ್ನೆಯಿಂದ ತುರಿಸ್ತಿದೆ," ಎಂದ ಮೌರೊ ಮೆಲ್ಲಗೆ. "ಹೆಂಡತಿಗೂ ಹೇಳಿಲ್ಲ."

ಎರ್ಲಿಂದಳ ನಂಬರು ಕೊಟ್ಟೆ. ಮಧ್ಯಾಹ್ನದೊಳಗೆ ಅವನ ಮೂಗಿಗೂ ಕಡ್ಡಿ ಹೋಯಿತು. ಹಿಂದಿನ ವಾರ ಕುಡಿದಿದ್ದವರೆಲ್ಲ ಹತ್ತು ದಿನ ಕಣ್ಣು, ಕೆಮ್ಮು, ಜ್ವರದ ಮೇಲೆ ನಿಗಾ ಇಡಬೇಕೆಂದು ಅವಳು ಒಬ್ಬೊಬ್ಬರಿಗೂ ಹೇಳಿ ಬಂದಳು.

ಸೋಮವಾರ ಅವಳು ಟ್ರೈಲರಿನ ಕಿಟಕಿಯ ಹೊರಗೆ ಬಂದು ನಿಂತಳು.

"ಕೊಂಪಾದ್ರೆ, ನಿಮ್ಮದು ಹಸುವಿನಿಂದ ಬಂದದ್ದೇ. ಮಗಳದ್ದು ಅಲ್ಲ. ಅವಳದು ಚಳಿಗಾಲದಲ್ಲಿ ಎಲ್ಲರಿಗೂ ಬರೋ ಮನುಷ್ಯರ ಫ್ಲೂ. ನಿಮ್ಮಿಂದ ಬಂದದ್ದಲ್ಲ."

ನಾನು ಕುಣಿದೆ. ಟ್ರೈಲರು ಚಕ್ರ ಮುರಿಯುವಷ್ಟು ಓಲಾಡಿತು.

"ಕುಣಿತ ಸಾಕು. ಇಲ್ಲಿ ನೋಡಿ." ಅವಳು ಚೀಲದಿಂದ ಎರಡು ಕಟ್ಟು ಇಸ್ಪೀಟು ತೆಗೆದಳು. ಒಂದರ ಬೆನ್ನು ಕೆಂಪು, ಇನ್ನೊಂದರದು ನೀಲಿ. ಎರಡರಿಂದಲೂ ಎಂಟೆಂಟು ಎಲೆ ಎಣಿಸಿದಳು. "ಫ್ಲೂ ವೈರಸ್ಸಿನೊಳಗೂ ಹೀಗೇ ಎಂಟು ತುಂಡು ಇರುತ್ತೆ. ಕೆಂಪು ಹಸುವಿನದು. ನಮ್ಮ ಮೈಗೆ ಅದರ ಗುರುತೇ ಇಲ್ಲ. ಆದರೆ ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ದಾಟೋದು ಅದಕ್ಕಿನ್ನೂ ಬರಲ್ಲ. ನೀಲಿ ಮಗಳದು. ಅದಕ್ಕೆ ದಾಟೋದು ಚೆನ್ನಾಗಿ ಬರುತ್ತೆ. ಎರಡೂ ಒಂದೇ ಮೈಯೊಳಗೆ ಒಂದೇ ಸಲ ಸೇರಿದರೆ?"

ಕಿಟಕಿಯ ಹಲಗೆಯ ಮೇಲೆ ಹದಿನಾರೂ ಎಲೆ ಕಲೆಸಿ, ಮೇಲಿನ ಎಂಟು ತೆಗೆದು ಬೀಸಣಿಗೆಯ ಹಾಗೆ ಹಿಡಿದಳು. ಐದು ನೀಲಿ, ಮೂರು ಕೆಂಪು.

"ಇದು ಯಾರದು, ಕೊಂಪಾದ್ರೆ?"

"ಯಾರದೂ ಅಲ್ಲ."

"ಹೊಸದು. ಯಾರ ಮೈಗೂ ಗುರುತಿಲ್ಲ, ಎಲ್ಲರಿಗೂ ದಾಟೋದು ಗೊತ್ತು. ಪ್ರತಿ ಸಲ ಹೀಗಾಗಲ್ಲ. ಒಂದು ಸಲ ಆದರೆ ಸಾಕು, ಊರೂರು ದಾಟಿ ದೇಶದೇಶಕ್ಕೆ ಹಬ್ಬುತ್ತೆ. ಮಹಾಮಾರಿ ಅನ್ನೋದು ಅದಕ್ಕೇ. ನಿಮ್ಮ ಮನೇಲಿ ಎರಡೂ ಇದ್ವು. ಮಧ್ಯೆ ಇದ್ದದ್ದು ಒಂದು ಬೀನ್ಸ್ ಚಮಚ."

ನಾನು ಕಿಟಕಿಯಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದೆ.

"ಫ್ಲೂ ಸೂಜಿ ಹಾಕಿಸ್ಕೊಳ್ಳಿ ಅಂತ ಅಕ್ಟೋಬರಿಂದ ಬಡ್ಕೊಂಡೆ. ನೀವೇನಂದ್ರಿ?"

"ನನ್ನ ಚರ್ಮಕ್ಕೆ ಚುಚ್ಚಿದ್ರೆ ಸೂಜೀನೇ ಬಗ್ಗುತ್ತೆ ಅಂದೆ."

"ಆ ಸೂಜಿ ಹಸುವಿನ ಜ್ವರ ತಡೆಯಲ್ಲ, ಸುಳ್ಳು ಹೇಳಲ್ಲ. ಆದರೆ ಮನುಷ್ಯರ ಫ್ಲೂ ಬರೋದು ಕಡಿಮೆ ಮಾಡುತ್ತೆ. ಅಂದರೆ ಎರಡೂ ಒಂದೇ ಮೈಯಲ್ಲಿ ಸಂಧಿಸೋ ಸಂದರ್ಭಾನೂ ಕಡಿಮೆ. ಬಸುರಿಗಂತೂ ಬೇಕೇ ಬೇಕು."

ನಾಲ್ಕನೆಯ ದಿನ ಯೆಸೇನಿಯಳ ಜ್ವರ ಬಿಟ್ಟಿತು. ಎದುರಿನ ಕಿಟಕಿ ತೆರೆದು ಕೂಗಿದಳು: "ಅಪ್ಪಾ, ಒದೀತಿದೆ! ಬೆಳಗ್ಗಿಂದ ಬಿಡದೆ ಒದೀತಿದೆ!"

"ಒದೀಲಿ ಬಿಡು! ಯಾರ ಮೊಮ್ಮಗು ಅದು!" ಎಂದೆ. ನನ್ನ ಎರಡೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದೂ ರೋಗದ ಲಕ್ಷಣ ಎಂದು ಒಬ್ದೂಲಿಯಳಿಗೆ ಹೇಳಿದ್ದೇನೆ.

ಮೈ ಸರಿಹೋದ ಮೇಲೆ ಮನೆಯವರೆಲ್ಲ ಸೂಜಿ ಹಾಕಿಸಿಕೊಂಡೆವು. ನನ್ನ ಚರ್ಮಕ್ಕೆ ಸೂಜಿ ಬಗ್ಗಲಿಲ್ಲ. ಗಾಗಲ್ಸಿಲ್ಲದೆ ಈಗ ಶೆಡ್ಡಿಗೆ ಇಳಿಯುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕೊಟ್ಟಿಗೆಯಲ್ಲಿ ಹಸುವೋ ಕೋಳಿಯೋ ಹಂದಿಯೋ ಇರಬಹುದು. ಅವು ಇದ್ದಕ್ಕಿದ್ದಂತೆ ಮಂಕಾದರೆ, ಸತ್ತರೆ, ಬರಿಗೈಯಲ್ಲಿ ಮುಟ್ಟಬೇಡಿ, ಪಶುವೈದ್ಯರಿಗೆ ತಿಳಿಸಿ. ಹಾಲು ಕಾಯಿಸದೆ ಕುಡಿಯಬೇಡಿ, ಬೆಕ್ಕಿಗೂ ಇಡಬೇಡಿ. ಪ್ರಾಣಿಗಳ ಜೊತೆ ಇದ್ದು ಬಂದ ಮೇಲೆ ನಿಮಗೆ ಕಣ್ಣು ಕೆಂಪಾದರೆ, ಜ್ವರ ಬಂದರೆ ಮುಚ್ಚಿಡಬೇಡಿ. ಯಾವ ಪ್ರಾಣಿಯನ್ನು ಮುಟ್ಟಿದ್ದಿರಿ ಎಂಬುದನ್ನೂ ಸೇರಿಸಿ ಅಂದೇ ಆಸ್ಪತ್ರೆಯಲ್ಲಿ ಹೇಳಿ, ಮನೆಯವರಿಂದ ದೂರವಿರಿ. ಫ್ಲೂ ಲಸಿಕೆ ಸಿಗುವಲ್ಲಿ ಹಾಕಿಸಿಕೊಳ್ಳಿ. ಐದು ದಿನ ಡಬ್ಬಿಯೊಳಗೆ ಕೂತು ನಾನು ಇಡೀ ಲೋಕವನ್ನು ಉಳಿಸಿದೆ, ಇದರಲ್ಲಿ ಯಾರಿಗೂ ಸಂಶಯ ಬೇಡ. ಆದರೆ ಆ ಭಾರವನ್ನು ನಾನೊಬ್ಬನೇ ಎಷ್ಟು ದಿನ ಹೊರಲಿ? ಬನ್ನಿ, ನೀವೂ ಒಂದು ಕೈ ಕೊಡಿ.