ಕೇಳದೆ ಹತ್ತಿಸಿಕೊಂಡವನು

ಜೀಪು ನಿಂತಿತು, ಮತ್ತ್ಯಾರೋ ಕೈ ಅಡ್ಡ ಹಾಕಿದರು ಕಾಣುತ್ತದೆ, ಹತ್ತಾ ಮಾರಾಯ, ನಿನ್ ಹೊಟ್ಟೆಗೆ ಬೇರೇನೇ ಒಂದ್ ಟ್ರಿಪ್ ಮಾಡ್ಬೇಕು ಎಂದು ಡ್ರೈವರ್ ಮಹೇಶ್ವರ ನಗುತ್ತಿದ್ದಾನೆ, ಕುಳಿತವರೆಲ್ಲ ಇನ್ನಷ್ಟು ಒತ್ತಿಕೊಂಡರು, ಸೀತಕ್ಕನ ಮೊಣಕಾಲಿಗೆ ಒಂದು ಚೀಲ ತಾಗಿತು, ತಾಗಿದ್ದು ಗೊತ್ತಾಯಿತು, ನೋಯಲಿಲ್ಲ — ಯಾರ ಚೀಲ, ಒಳಗೇನು, ಯಾರೂ ಕೇಳಲಿಲ್ಲ, ಕೊಪ್ಪದಿಂದ ಬಸರೀಕಟ್ಟೆಗೆ ಬರುವ ಜೀಪಿನಲ್ಲಿ ಎಂದೂ ಯಾರೂ ಕೇಳಿದ್ದಿಲ್ಲ, ಬಸ್ಸು ತಪ್ಪಿದವನನ್ನು ಕಾಡುದಾರಿಯಲ್ಲಿ ಬಿಟ್ಟು ಬರುವವನು ಡ್ರೈವರೇ ಅಲ್ಲ, ಅವಳ ಮಗ ಲೋಕೇಶನೂ ಇಷ್ಟೇ ಮಾಡಿದ್ದು, ಸಮುದ್ರದಾಚೆಯ ದೇಶದಲ್ಲಿ ಕಂಪನಿಯ ಪಿಕಪ್ ಓಡಿಸುತ್ತಿದ್ದವನು, ಬಿಸಿಲಲ್ಲಿ ಕೈ ತೋರಿಸಿದವನೊಬ್ಬನನ್ನು ಹತ್ತಿಸಿಕೊಂಡ, ಸಂತೆಯ ಹತ್ತಿರ ಇಳಿಸಿದ, ಆ ಮನುಷ್ಯನ ಚೀಲದಲ್ಲಿ ಬಾಂಬಿತ್ತು. ಸಂತೆಯಲ್ಲಿ ಮಕ್ಕಳೂ ಸತ್ತರಂತೆ, ಅವರ ತಾಯಂದಿರ ಮುಖ ನೆನೆಯಲು ನೋಡುತ್ತಾಳೆ, ಬರುವುದಿಲ್ಲ, ಅಳುವೂ ಬರುವುದಿಲ್ಲ, ಬಾಂಬಿಟ್ಟವರನ್ನು ಹಿಡಿಯಬೇಡಿ ಅಂದವರಾರು, ಕಾನೂನು ಗಟ್ಟಿ ಇರಲಿ, ಇರಬೇಕು — ಆದರೆ ಬಾಂಬು ಸಿಡಿದ ಮೇಲೆ ಮಾಡಿದ ಕಾನೂನು ಅದಕ್ಕೂ ಮೊದಲು ಓಡಿದ ಗಾಡಿಗೂ ಸೇರುತ್ತದಂತೆ, ವಿಚಾರಿಸದೆ ಹತ್ತಿಸಿಕೊಂಡವನೂ ಅವರ ಕಡೆಯವನೇ ಅಂತೆ, ತಪ್ಪೆಂದಾದರೆ ಬದುಕಿರುವ ತನಕ ಜೈಲು.

ಲೋಕೇಶನ ಪರವಾಗಿ ವಕೀಲೆ ಶ್ರೀರಕ್ಷಾ ಓಡಾಡಿ ಓಡಾಡಿ ಇವತ್ತಿನ ಸಾಕ್ಷಿಯನ್ನು ಕೂಡಿಸಿದ್ದಳು, ಎರಡು ಸರ್ಕಾರಕ್ಕೂ ಒಪ್ಪಂದ ಉಂಟು ಸೀತಕ್ಕ, ನಿಮ್ಮ ಹೇಳಿಕೆಯನ್ನ ಅಲ್ಲಿನ ಕೋರ್ಟು ಕೇಳ್ಲೇಬೇಕು, ಊರಿನ ಪದ್ಧತಿ ಹೇಳಿ, ಇದ್ದದ್ದು ಇದ್ದ ಹಾಗೆ — ಸೀತಕ್ಕ ಇದ್ದದ್ದನ್ನೇ ಹೇಳಿದಳು. ಕೊಪ್ಪದ ಕೋರ್ಟಿನ ಟೀವಿಯೊಳಗೆ ತಲೆ ಬೋಳಿಸಿದ ಲೋಕೇಶ, ಉಂಡೆಯೇನೋ ಎಂದು ಕೇಳಬೇಕಿತ್ತು, ಹಾಗೆಲ್ಲ ಮಾತಾಡಬಾರದಂತೆ, ಅವನ ಪಕ್ಕ ಆ ದೇಶದ ಸರ್ಕಾರಿ ವಕೀಲೆ, ಅವಳ ಮಾತನ್ನು ಕನ್ನಡಕ್ಕೆ ತಿರುಗಿಸುವವನೊಬ್ಬ, ಯಾರು ಕೈ ತೋರಿಸಿದರೂ ನಿಮ್ಮ ಮಗ ಹತ್ತಿಸುತ್ತಾನೆಯೇ, ಹೌದು ತಾಯಿ, ನಾನೇ ಹೇಳಿಕೊಟ್ಟಿದ್ದು, ಊರಲ್ಲಿ ಜೀಪು ಓಡಿಸುವ ಹೊಸದರಲ್ಲಿ ಭಂಡಿಗಡಿ ತಿರುವಲ್ಲಿ ಒಬ್ಬ ಮುದುಕನಿಗೆ ಯಾವೂರು, ಯಾರ ಪೈಕಿ, ಗಂಟಿನೊಳಗೇನು ಅಂತ ಶುರುಮಾಡಿದ್ದ, ಹತ್ತಿಸ್ಕೊಳ್ಳೋನು ಜಾತಕ ಕೇಳ್ತಾನೇನೋ ಅಂತ ಬೈದೆ — ಯಾರೋ ನಕ್ಕರು, ಅವಳಿಗೂ ಧೈರ್ಯ ಬಂತು, ಅಲ್ಲಿಂದೀಚೆಗೆ ಅವನು ಯಾರನ್ನೂ ಏನೂ ಕೇಳಿದವನಲ್ಲ ತಾಯಿ.

ಅಂದರೆ ಕೇಳಬೇಕೆಂದು ಅವನಿಗೆ ತಿಳಿದಿತ್ತು, ಬೇಕೆಂದೇ ಕೇಳಲಿಲ್ಲ, ಬರೆದುಕೊಳ್ಳಿ. ಆ ಸರ್ಕಾರಿ ವಕೀಲೆಯ ಧ್ವನಿ ಗಡುಸಾಗಿರಲಿಲ್ಲ, ಸುಸ್ತಾದವಳ ಹಾಗಿತ್ತು, ಶ್ರೀರಕ್ಷಾ ಅರ್ಧ ಎದ್ದವಳು ಕುಳಿತಳು, ಆಗ ಲೋಕೇಶ ಬಾಯಿ ತೆರೆದ, ತೆರೆದದ್ದು ಹಾಗೇ ನಿಂತಿತು, ಚಿತ್ರ ಅಲ್ಲಾಡಲಿಲ್ಲ, ನೆಟ್‌ವರ್ಕ್ ಹೋಯ್ತು ಎಂದರು, ಕಾದರು, ಅತ್ತಲಿನವರು ಇವತ್ತಿಗೆ ಮುಗಿಸಿದರಂತೆ ಎಂದರು, ಸೀತಕ್ಕ, ನೀವು ಸುಳ್ಳೇನೂ ಹೇಳ್ಲಿಲ್ಲ ಎಂದಳು ಶ್ರೀರಕ್ಷಾ, ಮುಖ ನೋಡಲಿಲ್ಲ. ಅಮ್ಮಾ ಅನ್ನಲು ಹೊರಟಿದ್ದನೋ, ಸಾಕು ಅನ್ನಲೋ, ಕೆಳತುಟಿ ಒಡೆದಿತ್ತು, ತೆರೆದ ಬಾಯಿ, ಜೀಪು ಗುಂಡಿಗಿಳಿದು ಎದ್ದಿತು, ಯಾರೋ ಅಡಿಕೆ ರೇಟು ಹೇಳುತ್ತಿದ್ದಾರೆ, ತೆರೆದ ಬಾಯಿ, ಸೀತಕ್ಕಾ, ಬಸರೀಕಟ್ಟೆ ಬಂತು, ಇಳೀರಿ, ಇಳಿಯಬೇಕು, ಕಾಲು ಎಲ್ಲಿದೆ, ಮೇಲಿನ ಹಲ್ಲು ಎರಡು ಕಾಣುತ್ತಿದ್ದವು, ನಾಲಗೆ ಇನ್ನೂ ಎದ್ದಿರಲಿಲ್ಲ, ಸೀತಕ್ಕಾ — ತೆರೆದ ಬಾಯಿ.