ದೊಡ್ಡ ವಿಮೆ

"ಬುಡದಿಂದಲೇ ತಪ್ಪು ಇದು!" ಅವಳು ಮುದ್ರಿತ ಹಾಳೆಗಳನ್ನು ಅವನ ಮೇಜಿನ ಮೇಲೆ ಹರವಿದಳು. "ಆಸ್ಪತ್ರೆ ಬಿಲ್ಲು ವಿಮೆಯವರು ಕಟ್ತಾರೆ ಅಂದ್ರೆ ಜನ ಸೀನಿದ್ರೂ ಡಾಕ್ಟರ ಹತ್ತಿರ ಓಡ್ತಾರೆ. ದೊಡ್ಡ ವಿಮೆ ಇರೋರ ಖರ್ಚು ಏರೋದು ಅದಕ್ಕೇ."

"ಅಲ್ಲಾರೀ, ಕಾಯಿಲೆಯ ಭಯ ಇರೋರೇ ದೊಡ್ಡ ವಿಮೆ ಆರಿಸ್ಕೊಳ್ಳೋದು. ಭಯ ಮೊದಲು, ವಿಮೆ ಆಮೇಲೆ."

ಇಬ್ಬರೂ ಸಂಖ್ಯಾಶಾಸ್ತ್ರಜ್ಞರು. ಸಾವಿರಾರು ಕುಟುಂಬಗಳ ಅಂಕಿಅಂಶಗಳಿಂದ ಈ ಎರಡು ಕಾರಣಗಳನ್ನು ಬೇರ್ಪಡಿಸುವ ಮಾದರಿ ಕಟ್ಟುವುದು ಅವರ ಕೆಲಸ. ನಾಲ್ಕನೇ ಮಹಡಿಯ ಆ ಇಕ್ಕಟ್ಟಾದ ಕೋಣೆಯಲ್ಲಿ ಒಂದೇ ಕಂಪ್ಯೂಟರು. ಅದು ಲೆಕ್ಕ ಮುಗಿಸುವವರೆಗೆ ಜಗಳವಾಡುವುದು ಬಿಟ್ಟು ಬೇರೆ ಉದ್ಯೋಗವಿರಲಿಲ್ಲ. ಎಂಥ ಚಂದದ ಜಗಳಗಳು ಅವು!

ವರ್ಷದ ಕೊನೆಗೆ ಕಚೇರಿಯವರೆಲ್ಲ ತಮ್ಮ ತಮ್ಮ ವಿಮೆ ಆರಿಸಿಕೊಳ್ಳಬೇಕಾಯಿತು. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬರುವ ಅವನು ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದ.

"ಗುಂಡುಕಲ್ಲಿನ ಹಾಗಿದ್ದೀರಿ, ನಿಮಗೇನು ಬಂತು ಕೇಡು?" ಎಂದು ಅವಳು ನಕ್ಕಳು.

ಅವನ ಕಿವಿ ಕೆಂಪಾಯಿತು. "ನನಗಲ್ಲ. ನಿಮ್ಮಮ್ಮನಿಗೆ, ಅಜ್ಜಿಗೆ, ಇಬ್ಬರಿಗೂ ಎದೆಯಲ್ಲಿ ಗಂಟಾಗಿತ್ತು ಅಂದಿದ್ರಲ್ಲ. ಈ ವಿಮೆಯಲ್ಲಿ ಹೆಂಡತೀನೂ ಸೇರ್ತಾಳೆ."

"ಯಾರ ಹೆಂಡತಿ?"

"ಒಪ್ಪಿದ್ರೆ... ನೀವು."

ಅವಳಿಗೆ ಮೊದಲು ಬಂದದ್ದು ಸಿಟ್ಟು. "ನನಗೆ ಕಾಯಿಲೆ ಬರುತ್ತೆ ಅಂತ ಬಾಜಿ ಕಟ್ಟಿದ್ದೀರಾ?"

"ಹೂಂ. ಜೀವನಪೂರ್ತಿ ಸೋಲೋ ಆಸೆಯಿಂದ."

ಅವಳು ಕಿಟಕಿಯತ್ತ ತಿರುಗಿ ನಿಂತಳು. ಅಮ್ಮ ಡಾಕ್ಟರ ಬಳಿ ಹೋದದ್ದು ತೀರ ತಡವಾಗಿ. ಮನೆಯಲ್ಲಿ ಯಾರೂ ಆಡದ ಆ ಮಾತನ್ನು ಇವನು ಎಷ್ಟು ಸಲೀಸಾಗಿ ಆಡಿಬಿಟ್ಟಿದ್ದ! ತಿರುಗಿದಾಗ ಅವಳ ಸಿಟ್ಟು ಇಳಿದಿತ್ತು. "ಅಪ್ಪನ ಹತ್ತಿರ ಮಾತ್ರ ಅಂಕಿಅಂಶ ಮಾತಾಡ್ಬೇಡಿ," ಎಂದಳು.

ಮದುವೆಯಾಯಿತು. ವಿಮೆ ಇದೆಯೆಂಬ ಒಂದೇ ಕಾರಣಕ್ಕೆ ಅವಳು ಪ್ರತಿವರ್ಷ ತಪಾಸಣೆಗೆ ಹೋಗುತ್ತಿದ್ದಳು. "ನೋಡಿದ್ಯಾ, ನಿನ್ನ ವಾದವೇ ಗೆದ್ದಿತು," ಎಂದು ಅವನು ದಾರಿಯುದ್ದಕ್ಕೂ ಕೆಣಕುವನು. ಒಂದು ವರ್ಷ ಬಟಾಣಿಯಷ್ಟು ಗಂಟು ಸಿಕ್ಕಿತು. ಬೇಗ ಸಿಕ್ಕಿದ್ದರಿಂದ ಅವಳು ಉಳಿದಳು. ಚಿಕಿತ್ಸೆಯ ಆ ದಿನಗಳಲ್ಲಿ ಅವನು ವಾದ ಮಾಡಲಿಲ್ಲ. ಅವಳ ತಲೆಗೆ ಮೆಲ್ಲಗೆ ಎಣ್ಣೆ ಸವರುತ್ತ ಕೂರುತ್ತಿದ್ದ, ಕೂದಲೇ ಇಲ್ಲದಿದ್ದರೂ.

ಹೋದ ವರ್ಷ, ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗದೆ, ಬೂಟಿನ ದಾರ ಕಟ್ಟಿಕೊಳ್ಳುತ್ತಲೇ ಅವನು ತೀರಿಹೋದ.

ಈ ಸಲ ತಪಾಸಣೆಗೆ ಅವಳೊಬ್ಬಳೇ ಹೋದಳು. ಹೊರಬಂದು ಬಸ್‌ಸ್ಟಾಪಿನಲ್ಲಿ ನಿಂತಾಗ, ಪಕ್ಕದ ಬೆಂಚಿನ ಮೇಲೆ ಕೂತಿದ್ದ ಅಪರಿಚಿತ ಹೆಂಗಸಿಗೆ ಹೇಳಿದಳು: "ಏನೂ ಇಲ್ಲವಂತೆ."

ಹೆಂಗಸು ಒಂದು ಕ್ಷಣ ಅವಳ ಮುಖ ನೋಡಿದಳು. "ಒಳ್ಳೇದಾಯ್ತು ಬಿಡಿ," ಎಂದು ತರಕಾರಿ ಚೀಲವನ್ನು ಮಡಿಲಿಗೆಳೆದುಕೊಂಡು ಜಾಗ ಬಿಟ್ಟಳು.